ಸಂತಾನ ಭಾಗ್ಯದ ಬಗ್ಗೆ ಎರಡು ಮಾತು

(ಜಾತ್ರಾ ಮಹೋತ್ಸವದ ಮೂರನೆಯ ದಿನ ಸಂಜೆ, ದೇವಸ್ಥಾನದ ಮುಂದಿನ ಚಪ್ಪರದಲ್ಲಿ ನಡೆದ ಧರ್ಮಸಭೆಯಲ್ಲಿ ಧರ್ಮದರ್ಶಿಗಳೊಬ್ಬರು ಮಾಡಿದ ಭಾಷಣ. ಭಕ್ತಾದಿಗಳ ಕೋರಿಕೆಯಂತೆ ಇಲ್ಲಿ ಅಚ್ಚು ಹಾಕಿಸಿದೆ.)

ವೇದಿಕೆಯ ಮೇಲಿರುವ ಗುರುಹಿರಿಯರೇ, ಅರ್ಚಕರೇ, ಉತ್ಸವ ಸಮಿತಿಯ ಪದಾಧಿಕಾರಿಗಳೇ, ಹೊಸೂರಿನವರಲ್ಲದೆ ಬಾಗಲೂರು, ಶೂಲಗಿರಿ, ಕೆಲಮಂಗಲ, ಡೆಂಕಣಿಕೋಟೆ, ತಳಿ ಕಡೆಗಳಿಂದ ಬಂದಿರುವ ಭಕ್ತ ಮಹಾಶಯರೇ, ತಾಯಂದಿರೇ,

ತಾಯಂದಿರೇ ಅಂದೆ. ಎಲ್ಲ ಭಾಷಣದಲ್ಲೂ ಹೀಗೆಯೇ ಅನ್ನುತ್ತೇವೆ. ಆದರೆ ಆ ಮಾತು ಕಿವಿಗೆ ಬಿದ್ದೊಡನೆ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಳ್ಳುವ ಹೆಣ್ಣುಮಕ್ಕಳು ಪ್ರತಿ ಸಭೆಯಲ್ಲೂ ಇರುತ್ತಾರೆ. ಈ ಚಪ್ಪರದಲ್ಲೂ ಇದ್ದಾರೆ. ಅವರನ್ನೂ ಸೇರಿಸಿ ಅಕ್ಕತಂಗಿಯರೇ ಎಂದು ಕರೆದು ನನ್ನ ಮಾತು ಶುರು ಮಾಡುತ್ತೇನೆ.

ಪ್ರತಿ ವರ್ಷ ಈ ಸಭೆಯಲ್ಲಿ ನನ್ನ ಪಾಲಿಗೆ ಬರುವುದು ಲೆಕ್ಕಪತ್ರ ಓದುವ ಕೆಲಸ, ಇಲ್ಲವೇ ವಂದನಾರ್ಪಣೆ. ಈ ಸಲ ನಾನೇ ಸಮಿತಿಯವರನ್ನು ಕೇಳಿಕೊಂಡು ಅರ್ಧ ಗಂಟೆ ಪಡೆದಿದ್ದೇನೆ. ನಾನು ವಿದ್ವಾಂಸನಲ್ಲ, ವೈದ್ಯನೂ ಅಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನಮ್ಮ ತಂದೆಯವರ ಗಂಧಿಗೆ ಅಂಗಡಿಯಲ್ಲಿ ಕುಳಿತವನು. ಈಗ ಹೇಳಲಿರುವ ವಿಷಯ ದೇವಸ್ಥಾನದ ಮುಂದೆ ಆಡುವಂಥದ್ದಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಮಕ್ಕಳಿಲ್ಲದವರು ಮೊದಲು ಬರುವುದು ದೇವಸ್ಥಾನಕ್ಕೇ. ಬಂದವರಿಗೆ ಇಲ್ಲಿ ಏನು ಸಿಕ್ಕಿತು ಎಂಬುದನ್ನು ನಾವೇ ಕೇಳಿಕೊಳ್ಳಬೇಕಲ್ಲವೇ?

ನಮ್ಮ ಗುಡಿಯ ಹಿಂದಿನ ಅರಳಿಮರ ಎಲ್ಲರಿಗೂ ಗೊತ್ತು. ಬುಡದಲ್ಲಿ ನಾಗರಕಲ್ಲುಗಳು, ಮೇಲೆ ಕೊಂಬೆ ಕೊಂಬೆಗೂ ಗೇಣುದ್ದದ ಮರದ ತೊಟ್ಟಿಲುಗಳು. ಆ ತೊಟ್ಟಿಲುಗಳಲ್ಲಿ ಮುಕ್ಕಾಲು ಪಾಲು ನನ್ನ ಅಂಗಡಿಯಿಂದ ಹೋದವು. ಒಂದು ತೊಟ್ಟಿಲು, ಒಂದು ಎಳೆ ಹಳದಿ ದಾರ, ಅರಿಶಿನ ಕುಂಕುಮದ ಪೊಟ್ಟಣ. ಮೂವತ್ತು ವರ್ಷಕ್ಕೂ ಮೇಲಾಯಿತು ಮಾರುತ್ತಾ. ಆದ್ದರಿಂದ ಹರಕೆ ಹೊರಬೇಡಿ, ಪ್ರದಕ್ಷಿಣೆ ಬೇಡ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಹೇಳುವ ಮನಸ್ಸೂ ಇಲ್ಲ. ದೇವರಲ್ಲಿ ಬೇಡಿಕೊಂಡರೆ ಮನಸ್ಸಿಗೆ ಬರುವ ಧೈರ್ಯ ಬೇರೆಲ್ಲೂ ಬರುವುದಿಲ್ಲ.

ಆದರೆ ಗಲ್ಲಾ ಪೆಟ್ಟಿಗೆಯ ಹಿಂದೆ ಕುಳಿತವನಿಗೆ ಕಾಣುವ ಒಂದು ವಿಷಯವಿದೆ. ಮೂವತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಗಂಡಸು ಬಂದು "ನನಗೊಂದು ತೊಟ್ಟಿಲು ಕೊಡಿ" ಎಂದು ಕೇಳಿದ್ದು ನನಗೆ ನೆನಪಿಲ್ಲ. ಹೆಂಡತಿ ಒಳಗೆ ಬರುತ್ತಾಳೆ, ಅತ್ತೆ ಪಕ್ಕದಲ್ಲಿ ನಿಂತಿರುತ್ತಾಳೆ, ಗಂಡ ಬೀದಿಯ ಆ ಕಡೆ ಗಾಡಿ ನಿಲ್ಲಿಸಿಕೊಂಡು ಫೋನು ನೋಡುತ್ತಿರುತ್ತಾನೆ. ಉಪವಾಸ ಅವಳದು, ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಅವಳದು, ಕಹಿ ಕಷಾಯ ಅವಳದು, ಬೈಗುಳವೂ ಅವಳದೇ.

ನಮ್ಮ ಹೊಸೂರಿನಲ್ಲಿ ನಾಲ್ಕು ಜನ ಸೇರಿದರೆ ಮೂರು ಭಾಷೆ. ಕನ್ನಡದಲ್ಲಿ ಬಂಜೆ, ತೆಲುಗಿನಲ್ಲಿ ಗೊಡ್ರಾಲು, ತಮಿಳಿನಲ್ಲಿ ಮಲಡಿ. ಮೂರೂ ಹೆಂಗಸಿಗೆ ಇಟ್ಟ ಹೆಸರು. ಮಕ್ಕಳಾಗದ ಗಂಡಸಿಗೆ ನಾವು ಬೀದಿಯಲ್ಲಿ ಬಳಸುವ ಮಾತು ಯಾವುದು? ಯೋಚಿಸಿ ನೋಡಿ, ಬಾಯಿಗೆ ಬರುವುದಿಲ್ಲ. ಷಂಡ, ನಪುಂಸಕ ಎನ್ನುವ ಮಾತುಗಳಿವೆ, ಆದರೆ ಅವು ಬೇರೆ ಅರ್ಥದವು. ಸಂಸಾರ ಮಾಡುವ ಶಕ್ತಿ ಬೇರೆ, ವೀರ್ಯದಲ್ಲಿ ಬೀಜ ಇರುವುದು ಬೇರೆ. ಗಟ್ಟಿಮುಟ್ಟಾದ, ಎಲ್ಲ ರೀತಿಯಿಂದಲೂ ಸರಿಯಾಗಿರುವ ಗಂಡಸಿಗೂ ವೀರ್ಯಾಣು ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಹೊರಗಿನಿಂದ ಕಾಣುವುದಿಲ್ಲ, ಅವನಿಗೇ ತಿಳಿಯುವುದಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿದು ನಮ್ಮ ಗಂಡಸರು ಪರೀಕ್ಷೆ ಎಂದರೆ ಹೆದರುತ್ತಾರೆ. ಇದು ನನಗೆ ಪುಸ್ತಕ ಓದಿ ತಿಳಿದದ್ದಲ್ಲ, ಮನೆಯಲ್ಲೇ ಕಲಿತದ್ದು.

ನನ್ನ ಅಣ್ಣನ ಮದುವೆ 1982ರಲ್ಲಿ ಆಯಿತು. ಅತ್ತಿಗೆ ಕೆಲಮಂಗಲದ ಕಡೆಯವರು. ಬಂದ ಎರಡನೆಯ ವರ್ಷದಿಂದಲೇ ನಮ್ಮ ಅಮ್ಮ ದಿನ ಎಣಿಸಲು ಶುರು ಮಾಡಿದರು. ಅತ್ತಿಗೆ ನಾಗರಕಲ್ಲಿಗೆ ನಲವತ್ತೆಂಟು ದಿನ ಸುತ್ತಿದರು, ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬಂದರು. ನಮ್ಮ ಅಂಗಡಿಯಲ್ಲೇ ಬೇರು, ನಾರು, ಕಡ್ಡಿ ಎಲ್ಲ ಇದ್ದವಲ್ಲ, ಯಾರು ಯಾವ ಔಷಧಿ ಹೇಳಿದರೂ ಅರೆದು ಕೊಟ್ಟರು. ಕುಟ್ಟಿ ಜರಡಿ ಹಿಡಿದು ಪೊಟ್ಟಣ ಕಟ್ಟಿದವನು ನಾನೇ. ಆಗ ಶಾಲೆಯ ಹುಡುಗ. ಒಂದು ಸಲ ಯಾವುದೋ ಪುಡಿ ತಿಂದು ಮೂರು ದಿನ ವಾಂತಿ ಮಾಡಿಕೊಂಡರು. ನಾಲ್ಕನೆಯ ದಿನ ಎದ್ದು ಅದನ್ನೇ ಮತ್ತೆ ತಿಂದರು. ಆರು ವರ್ಷದಲ್ಲಿ ಒಂದು ದಿನವಾದರೂ ಅಣ್ಣನನ್ನು ಯಾರೂ ಯಾವ ವೈದ್ಯರ ಬಳಿಗೂ ಕರೆದುಕೊಂಡು ಹೋಗಲಿಲ್ಲ. ಹೋಗಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ.

1988ರಲ್ಲಿ ಅತ್ತಿಗೆಯನ್ನು ತವರಿಗೆ ಕಳಿಸಿ ಅಣ್ಣನಿಗೆ ಎರಡನೆಯ ಮದುವೆ ಮಾಡಿದರು. ಮೊದಲನೆಯ ಹೆಂಡತಿ ಇರುವಾಗ ಎರಡನೆಯ ಮದುವೆ 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಅಪರಾಧ. ಆದರೆ ಆಗ ಕೇಳುವವರಾರು, "ಬಂಜೆಯಾದರೆ ಇನ್ನೇನು ಮಾಡುತ್ತಾರೆ" ಎಂದು ಊರಿನವರೇ ಚಪ್ಪರದಲ್ಲಿ ಕುಳಿತು ಊಟ ಮಾಡಿ ಹೋದರು. ಐದು ವರ್ಷ ಕಳೆಯಿತು. ಚಿಕ್ಕ ಅತ್ತಿಗೆಗೂ ಮಕ್ಕಳಾಗಲಿಲ್ಲ. 1993ರಲ್ಲಿ ಬೆಂಗಳೂರಿನ ಒಬ್ಬ ವೈದ್ಯರು, "ಮೊದಲು ಯಜಮಾನರ ಪರೀಕ್ಷೆ ಆಗಲಿ, ಆಮೇಲೆ ಈ ತಾಯಿಯನ್ನು ನೋಡುತ್ತೇನೆ" ಎಂದು ಹಟ ಹಿಡಿದರು. ವರದಿ ಬಂತು. ಅಣ್ಣನ ವೀರ್ಯದಲ್ಲಿ ವೀರ್ಯಾಣು ಒಂದೂ ಇರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನಿಗೆ ಮಂಗನಬಾವು ಬಂದು, ವೃಷಣಗಳೂ ಊದಿಕೊಂಡು, ಹದಿನೈದು ದಿನ ಮಲಗಿದ್ದ. ದೊಡ್ಡವರಿಗೆ ಮಂಗನಬಾವು ಬಂದರೆ ಅಪರೂಪಕ್ಕೆ ಹೀಗಾಗುವುದುಂಟು ಎಂದು ವೈದ್ಯರು ಬಿಡಿಸಿ ಹೇಳಿದರು. ಅಂದರೆ ಅತ್ತಿಗೆ ನಮ್ಮ ಮನೆಯ ಹೊಸ್ತಿಲು ತುಳಿಯುವ ಮೊದಲೇ ತೀರ್ಮಾನವಾಗಿ ಹೋಗಿದ್ದ ವಿಷಯಕ್ಕೆ ಅತ್ತಿಗೆ ಆರು ವರ್ಷ ಕಷಾಯ ಕುಡಿದಿದ್ದರು.

ಆ ಕಾಗದವನ್ನು ಅಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಮನೆಯ ಮರ್ಯಾದೆ ಎಂದು ಎಲ್ಲರೂ ಬಾಯಿ ಮುಚ್ಚಿಕೊಂಡೆವು. ಕೆಲಮಂಗಲಕ್ಕೆ ಯಾರೂ ಹೇಳಿ ಕಳಿಸಲಿಲ್ಲ. ಈ ಕತೆಯನ್ನು ಮತ್ತೆ ಹೇಳುತ್ತೇನೆ, ಅದರಲ್ಲಿ ನನ್ನ ಪಾಲು ಇನ್ನೂ ಬಾಕಿ ಇದೆ. ಮೊದಲು ಎಲ್ಲರಿಗೂ ಉಪಯೋಗಕ್ಕೆ ಬರುವ ಮಾತು ಹೇಳಿಬಿಡುತ್ತೇನೆ. ನಮ್ಮ ಸಮಿತಿಯ ಆರೋಗ್ಯ ಶಿಬಿರಕ್ಕೆ ಬರುವ ವೈದ್ಯೆಯೊಬ್ಬರನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡದ್ದು ಇದು.

ಮದುವೆಯಾಗಿ, ಮಕ್ಕಳು ಬೇಡವೆಂಬ ಯಾವ ಉಪಾಯವನ್ನೂ ಮಾಡದೆ, ಒಂದು ವರ್ಷ ಒಟ್ಟಿಗೆ ಸಂಸಾರ ಮಾಡಿದ ಮೇಲೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳೇ ಸಾಕು, ಏಕೆಂದರೆ ಹೆಣ್ಣಿನ ಅಂಡಾಣುಗಳು ವಯಸ್ಸಾದಂತೆ ಕಡಿಮೆಯಾಗುತ್ತವೆ. ಒಂದು ವರ್ಷವಾಗದೆ ಓಡುವುದೂ ಬೇಡ, ಹತ್ತು ವರ್ಷ ಹರಕೆಯಲ್ಲೇ ಕಳೆಯುವುದೂ ಬೇಡ. ಮದುವೆಯಾದ ಮೂರನೆಯ ತಿಂಗಳಿಗೇ "ಏನಾದರೂ ವಿಶೇಷ ಉಂಟೇ?" ಎಂದು ಕೇಳುವವರಿಗೆ ಮಾತ್ರ ಯಾವ ಔಷಧಿಯೂ ಇನ್ನೂ ಬಂದಿಲ್ಲವಂತೆ.

ಇದು ನಮ್ಮ ಮನೆಗೋ ನಿಮ್ಮ ಮನೆಗೋ ಮಾತ್ರ ಬಂದ ಶಾಪ ಎಂದು ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯವರು 2023ರಲ್ಲಿ ಹೊರಡಿಸಿದ ವರದಿಯ ಪ್ರಕಾರ ಪ್ರಪಂಚದಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರಿಗೆ ಜೀವನದ ಯಾವುದಾದರೊಂದು ಘಟ್ಟದಲ್ಲಿ ಈ ತೊಂದರೆ ಬರುತ್ತದೆ. ಬಡ ದೇಶ, ಶ್ರೀಮಂತ ದೇಶ ಎನ್ನುವ ವ್ಯತ್ಯಾಸ ಹೆಚ್ಚಿಲ್ಲ. ಹೀಗೆ ಬಂದವರಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ. ಕೆಲವು ಕಡೆ ಅವನದೊಂದೇ, ಕೆಲವು ಕಡೆ ಇಬ್ಬರದೂ. ಎಷ್ಟು ಪರೀಕ್ಷೆ ಮಾಡಿದರೂ ಕಾರಣವೇ ಸಿಗದ ದಂಪತಿಗಳೂ ಇದ್ದಾರೆ.

ಹೆಣ್ಣಿನ ಕಡೆ ಇರುವ ಕಾರಣಗಳು ಹಲವು. ಸೋಂಕಿನಿಂದ ಗರ್ಭನಾಳ ಮುಚ್ಚಿಕೊಳ್ಳುವುದು, ಹಾರ್ಮೋನಿನ ಏರುಪೇರಿನಿಂದ ತಿಂಗಳು ತಿಂಗಳು ಅಂಡಾಣು ಬಿಡುಗಡೆಯಾಗದಿರುವುದು, ಥೈರಾಯ್ಡ್. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಕ್ಷಯ. ಕೆಮ್ಮು ದಮ್ಮು ಏನೂ ಇಲ್ಲದೆ ಕ್ಷಯದ ಕ್ರಿಮಿ ಸದ್ದಿಲ್ಲದೆ ಗರ್ಭಕೋಶದಲ್ಲಿ, ನಾಳದಲ್ಲಿ ಕುಳಿತಿರುವುದುಂಟು. ಮಾತ್ರೆಯಿಂದ ಕ್ಷಯ ವಾಸಿಯಾಗುತ್ತದೆ, ಆದರೆ ತಡವಾದರೆ ನಾಳಕ್ಕೆ ಆದ ಹಾನಿ ಉಳಿದುಬಿಡಬಹುದು. ಇವನ್ನೆಲ್ಲ ಕಂಡುಹಿಡಿಯಲು ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ನಾಳಕ್ಕೆ ದ್ರವ ಬಿಟ್ಟು ಎಕ್ಸ್‌ರೇ, ಕೆಲವು ಸಲ ಮತ್ತು ಕೊಟ್ಟು ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ನೋಡುವುದು, ಇಷ್ಟೆಲ್ಲ ಬೇಕು.

ಗಂಡಸಿನದು? ಎರಡು ದಿನದಿಂದ ಏಳು ದಿನದವರೆಗೆ ಸಂಯಮದಿಂದಿದ್ದು ಒಂದು ಡಬ್ಬಿಯಲ್ಲಿ ವೀರ್ಯ ಕೊಡುವುದು. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಅವಳ ಪರೀಕ್ಷೆಗಳ ಮುಂದೆ ಏನೂ ಅಲ್ಲ. ಅಕ್ಕತಂಗಿಯರ ಮುಂದೆ ಇದನ್ನು ಹೇಳಲು ನನಗೂ ಸಂಕೋಚವೇ, ಕ್ಷಮಿಸಬೇಕು. ಆದರೆ ಈ ಒಂದು ಸಂಕೋಚಕ್ಕಾಗಿ ಎಷ್ಟು ಹೆಣ್ಣುಮಕ್ಕಳನ್ನು ಆಪರೇಷನ್ ಟೇಬಲ್ ಮೇಲೆ ಮಲಗಿಸಿದ್ದೇವೆ! ಇಬ್ಬರ ಪರೀಕ್ಷೆಯೂ ಒಟ್ಟಿಗೆ ಶುರುವಾಗಲಿ. ಒಬ್ಬರನ್ನು ಮೊದಲು ಕಳಿಸುವುದಾದರೆ ಸುಲಭವಿರುವುದು ಗಂಡನದು, ಅವನೇ ಹೋಗಲಿ.

ವರದಿ ಸರಿಯಿಲ್ಲವೆಂದರೆ ಎಲ್ಲ ಮುಗಿಯಿತೆಂದು ಅಲ್ಲ. ಜ್ವರ ಬಂದು ಹೋಗಿದ್ದರೂ ಎಣಿಕೆ ಇಳಿಯುತ್ತದೆ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಾದರೂ ಬೇಕು, ಆದ್ದರಿಂದ ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತಾರೆ. ಬೀಡಿ ಸಿಗರೇಟು, ಮದ್ಯ ಬಿಟ್ಟರೆ ಕೆಲವರಲ್ಲಿ ಸುಧಾರಿಸುತ್ತದೆ. ವೃಷಣದ ರಕ್ತನಾಳ ಉಬ್ಬಿಕೊಂಡಿದ್ದರೆ ಶಸ್ತ್ರಚಿಕಿತ್ಸೆಯುಂಟು. ನಮ್ಮ ಹೊಸೂರು ಕಾರ್ಖಾನೆಗಳ ಊರು. ಕುಲುಮೆಯ ಬಿಸಿಯ ಮುಂದೆ ವರ್ಷಗಟ್ಟಲೆ ನಿಲ್ಲುವವರು ಅದನ್ನು ವೈದ್ಯರಿಗೆ ಮರೆಯದೆ ಹೇಳಬೇಕು, ವೃಷಣಕ್ಕೆ ಹೆಚ್ಚು ಬಿಸಿ ಆಗಿಬರುವುದಿಲ್ಲ. ಈಗಿನ ಹುಡುಗರು ಮೈಕಟ್ಟು ಬೆಳೆಯಲೆಂದು ಜಿಮ್ಮಿನಲ್ಲಿ ಹಾಕಿಸಿಕೊಳ್ಳುವ ಗಂಡುಹಾರ್ಮೋನಿನ ಇಂಜೆಕ್ಷನ್ ವೀರ್ಯಾಣುವನ್ನೇ ನಿಲ್ಲಿಸಿಬಿಡುತ್ತದಂತೆ. ಗಂಡಸುತನ ಹೆಚ್ಚಿಸಿಕೊಳ್ಳಲು ಹೋಗಿ ಹೀಗೆ!

ಪರೀಕ್ಷೆಗೆ ಹೋಗುವುದು ನಮ್ಮ ಸಂಪ್ರದಾಯಕ್ಕೆ ಒಗ್ಗದು ಎನ್ನುವ ಹಿರಿಯರಿಗೆ ನಮ್ಮ ಪುರಾಣಗಳನ್ನೇ ನೆನಪಿಸುತ್ತೇನೆ. ದಶರಥ ಮಹಾರಾಜನಿಗೆ ಮೂವರು ಪಟ್ಟದ ರಾಣಿಯರಿದ್ದೂ ಪುತ್ರ ಸಂತಾನವಿರಲಿಲ್ಲ. ಅವನು ಮೂವರನ್ನೂ ತವರಿಗಟ್ಟಿ ನಾಲ್ಕನೆಯವಳನ್ನು ತರಲಿಲ್ಲ, ಋಷ್ಯಶೃಂಗರನ್ನು ಕರೆಸಿ ತಾನೇ ಯಜ್ಞಕ್ಕೆ ಕುಳಿತ. ಕಾಳಿದಾಸನ ರಘುವಂಶದಲ್ಲಿ ದಿಲೀಪ ಮಹಾರಾಜ ಮಕ್ಕಳಿಲ್ಲವೆಂದು ವಸಿಷ್ಠರ ಬಳಿ ಹೋದಾಗ, ಕಾಮಧೇನುವಿಗೆ ನಮಸ್ಕರಿಸದೆ ಬಂದ ತಪ್ಪು ನಿನ್ನದೇ ಎಂದು ಗುರುಗಳು ಮುಖಕ್ಕೇ ಹೇಳಿದರು. ಚಕ್ರವರ್ತಿಯಾದವನು ಕಾಡಿನಲ್ಲಿ ಹಸುವಿನ ಹಿಂದೆ ಅಲೆದು ಸೇವೆ ಮಾಡಿದ. ಪಾಂಡುವಿನ ಕತೆಯಲ್ಲಿ ಶಾಪ ಇದ್ದದ್ದು ಪಾಂಡುವಿಗೆ, ಕುಂತಿ ಮಾದ್ರಿಯರಿಗಲ್ಲ. ಅದನ್ನು ಅವನು ಹೆಂಡತಿಯರ ಮುಂದೆ ಬಾಯಿ ಬಿಟ್ಟು ಒಪ್ಪಿಕೊಂಡ. ಇಷ್ಟು ದೊಡ್ಡ ದೊಡ್ಡ ರಾಜರಿಗೆ ಹೋಗದ ಮಾನ ನಮಗೆ ಒಂದು ಲ್ಯಾಬಿನ ಚೀಟಿಯಿಂದ ಹೋಗುತ್ತದೆಯೇ?

ಇನ್ನು ಚಿಕಿತ್ಸೆಯ ವಿಷಯ. ಎಲ್ಲರಿಗೂ ಪ್ರನಾಳ ಶಿಶುವೇ ಬೇಕಾಗುವುದಿಲ್ಲ, ಎಷ್ಟೋ ಜನಕ್ಕೆ ಮಾತ್ರೆಯಲ್ಲೇ ಸರಿಹೋಗುತ್ತದೆ. ಪ್ರಪಂಚದ ಮೊದಲನೆಯ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಹುಟ್ಟಿತು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ದುರ್ಗಾ ಎಂಬ ಹೆಣ್ಣು ಮಗು ಹುಟ್ಟಿತು. ನಮ್ಮವರು ನಂಬಲಿಲ್ಲ. ಸರ್ಕಾರದ ಸಮಿತಿ ಕೂತು ಸುಳ್ಳೆಂದಿತು. ನೊಂದ ಆ ವೈದ್ಯರು 1981ರಲ್ಲಿ ಪ್ರಾಣ ಕಳೆದುಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಡನೆ ಇದೇ ಸಾಧನೆ ಮಾಡಿ, ದೇಶಕ್ಕೆ ಮೊದಲನೆಯವರೆಂದು ಹೆಸರಾಗಿದ್ದ ವಿಜ್ಞಾನಿ ಟಿ.ಸಿ. ಆನಂದಕುಮಾರ್ ಅವರೇ ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ, ಮೊದಲನೆಯವರು ನಾವಲ್ಲ, ಅವರು ಎಂದು 1997ರಲ್ಲಿ ಬಹಿರಂಗವಾಗಿ ಹೇಳಿದರು. ತನಗೆ ಬಂದ ಕಿರೀಟವನ್ನು ತಾನೇ ತೆಗೆದು ಸತ್ತವನ ತಲೆಗಿಟ್ಟ ಮನುಷ್ಯ. ಇದನ್ನು ಓದಿದಾಗ ನಾನು ಅಮ್ಮನ ಟ್ರಂಕನ್ನು ನೆನಸಿಕೊಂಡೆ.

ಈಗ ಈ ಚಿಕಿತ್ಸೆ ಎಲ್ಲ ಕಡೆಗೂ ಬಂದಿದೆ. ಜೊತೆಗೆ ಬೋರ್ಡುಗಳೂ ಬಂದಿವೆ. ಒಂದು ಸಲದ ಪ್ರನಾಳ ಚಿಕಿತ್ಸೆಗೆ ಲಕ್ಷ ರೂಪಾಯಿಗೂ ಮೇಲಾಗುತ್ತದೆ, ಅಷ್ಟು ಕೊಟ್ಟರೂ ಮೊದಲನೆಯ ಸಲಕ್ಕೇ ಫಲಿಸುತ್ತದೆಂದು ಯಾವ ಪ್ರಾಮಾಣಿಕ ವೈದ್ಯರೂ ಮಾತು ಕೊಡುವುದಿಲ್ಲ. "ಖಚಿತ ಸಂತಾನ" ಎಂದು ಬರೆದ ಬೋರ್ಡನ್ನು ಕಂಡರೆ ದೂರ ನಿಲ್ಲಿ. ಇಂಥ ಆಸ್ಪತ್ರೆಗಳು ನೋಂದಣಿ ಮಾಡಿಸಿರಲೇಬೇಕೆಂದು 2021ರ ಕಾಯಿದೆ ಹೇಳುತ್ತದೆ; ಹೆಂಗಸಿಗೆ ಐವತ್ತು, ಗಂಡಸಿಗೆ ಐವತ್ತೈದು ವಯಸ್ಸಿನ ಮಿತಿಯನ್ನೂ ಇಟ್ಟಿದೆ. ಜಮೀನು ಅಡವಿಡುವ ಮೊದಲು ನೋಂದಣಿಯ ಪತ್ರ ತೋರಿಸಿ ಎಂದು ಕೇಳಿ. ಅದಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. 2022ರಿಂದ ಕೃಷ್ಣಗಿರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಬಸ್ ಸ್ಟ್ಯಾಂಡಿನ ಗೋಡೆಗೆ ಚೀಟಿ ಅಂಟಿಸಿ ವಾರಕ್ಕೊಮ್ಮೆ ಲಾಡ್ಜಿಗೆ ಬರುವವರ ಬಳಿ ಮಾತ್ರ ಹೋಗಬೇಡಿ. ನನ್ನ ಅಂಗಡಿಯಲ್ಲೂ "ಮಕ್ಕಳಾಗುವ ಪುಡಿ" ಎಂದು ಒಂದಿತ್ತು. ಅದರಲ್ಲಿ ಏನೇನು ಬೆರೆಸಿದ್ದಾರೆಂದು ಮಾರುವ ನನಗೇ ಗೊತ್ತಿರಲಿಲ್ಲ. ನಿಲ್ಲಿಸಿ ಹತ್ತು ವರ್ಷವಾಯಿತು. ನಷ್ಟವಾಯಿತು, ಸುಳ್ಳು ಹೇಳುವುದಿಲ್ಲ.

ಎಲ್ಲ ಮಾಡಿದರೂ ಆಗದವರೂ ಇದ್ದಾರೆ. ಅವರ ಬಗ್ಗೆ ಮಾತನಾಡುವಾಗ ನನಗೆ ಇನ್ನೊಂದು ತೊಟ್ಟಿಲು ನೆನಪಿಗೆ ಬರುತ್ತದೆ. 1992ರಲ್ಲಿ ತಮಿಳುನಾಡು ಸರ್ಕಾರ ಸೇಲಂನಲ್ಲಿ ತೊಟ್ಟಿಲು ಮಗು ಯೋಜನೆ ತಂದಿತು. ಹುಟ್ಟಿದ ಹೆಣ್ಣು ಕೂಸನ್ನು ಕೊಲ್ಲಬೇಡಿ, ಈ ತೊಟ್ಟಿಲಲ್ಲಿ ಬಿಟ್ಟು ಹೋಗಿ, ಸರ್ಕಾರ ಸಾಕುತ್ತದೆ ಎಂದು. 2001ರಲ್ಲಿ ಅದನ್ನು ಧರ್ಮಪುರಿ ಜಿಲ್ಲೆಗೂ ವಿಸ್ತರಿಸಿದರು. ಆಗ ನಾವೂ ಧರ್ಮಪುರಿ ಜಿಲ್ಲೆಯವರೇ, ಕೃಷ್ಣಗಿರಿ ಬೇರೆಯಾದದ್ದು 2004ರಲ್ಲಿ. ನೋಡಿ, ಒಂದೇ ಜಿಲ್ಲೆ. ಇಲ್ಲಿ ಅರಳಿಮರದಲ್ಲಿ ಮಗು ಬೇಕೆಂದು ಕಟ್ಟಿದ ಖಾಲಿ ತೊಟ್ಟಿಲು, ಅಲ್ಲಿ ಬೇಡವೆಂದು ಬಿಟ್ಟ ಮಗು ಮಲಗಿದ ತೊಟ್ಟಿಲು.

ದತ್ತು ತೆಗೆದುಕೊಳ್ಳಲು ಮನಸ್ಸು ಮಾಡುವವರು ಕಾನೂನಿನ ದಾರಿಯಲ್ಲೇ ಹೋಗಬೇಕು. ಕೇಂದ್ರ ದತ್ತು ಪ್ರಾಧಿಕಾರದಲ್ಲಿ ಕಂಪ್ಯೂಟರಿನ ಮೂಲಕ ಹೆಸರು ನೋಂದಾಯಿಸಬೇಕು. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡಹೆಂಡಿರ ವಯಸ್ಸು ಕೂಡಿಸಿ 85 ಮೀರಿರಬಾರದು. ಕಾಯುವವರ ಸಾಲು ಉದ್ದವಿದೆ, ಆದ್ದರಿಂದ ತಡ ಮಾಡಬಾರದು. ಆಸ್ಪತ್ರೆಯ ಹಿಂಬಾಗಿಲಲ್ಲಿ ದಲ್ಲಾಳಿ ತಂದುಕೊಡುವ ಮಗುವನ್ನು ತೆಗೆದುಕೊಂಡರೆ ಅದು ಅಪರಾಧ. ಮುಂದೆ ಒಂದು ದಿನ ಪೊಲೀಸರು ಬಂದು ಮಗುವನ್ನು ಮಡಿಲಿನಿಂದ ಎತ್ತಿಕೊಂಡು ಹೋದಾರು.

ಸಾಲುಮರದ ತಿಮ್ಮಕ್ಕನವರ ಹೆಸರು ಇಂಥ ಸಭೆಗಳಲ್ಲಿ ತಪ್ಪದೆ ಬರುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಮಕ್ಕಳಿಲ್ಲವೆಂಬ ಕೊರಗು ನುಂಗಿಕೊಂಡು ಹುಲಿಕಲ್‌ನಿಂದ ಕುದೂರಿನ ದಾರಿಯುದ್ದಕ್ಕೂ 385 ಆಲದ ಗಿಡ ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು, 2025ರ ನವೆಂಬರ್ 14ರಂದು ತೀರಿಕೊಂಡರು. ಪುಣ್ಯವಂತೆ. ಆದರೆ ನಾವು ಹೇಳುವಾಗ ಒಂದು ಬಿಟ್ಟುಬಿಡುತ್ತೇವೆ. ಕೊಡದಲ್ಲಿ ನೀರು ಹೊತ್ತು ಆ ಗಿಡಗಳಿಗೆ ಹಾಕಿದವರು ತಿಮ್ಮಕ್ಕ ಒಬ್ಬರೇ ಅಲ್ಲ, ಗಂಡ ಚಿಕ್ಕಯ್ಯನವರೂ ಜೊತೆಯಲ್ಲಿ ಹೊತ್ತರು. ಅವಳನ್ನು ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಳ್ಳಲಿಲ್ಲ. ಮತ್ತೊಂದು ಮಾತು. ಮಕ್ಕಳಿಲ್ಲದ ಹೆಣ್ಣುಮಗಳು ಮರ್ಯಾದೆಯಿಂದ ಬಾಳಬೇಕಾದರೆ 385 ಮರ ನೆಟ್ಟಿರಲೇಬೇಕೆಂದು ನಾವು ಕರಾರು ಹಾಕಬಾರದು. ನಮ್ಮ ನಿಮ್ಮ ಹಾಗೆ ಅಡಿಗೆ ಮಾಡಿಕೊಂಡು, ಜಾತ್ರೆಗೆ ಬಂದು, ಬಳೆ ಕೊಂಡುಕೊಂಡು ಹೋಗುವವಳಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು.

ಈಗ ನನ್ನ ಪಾಲಿನ ಕತೆ. 1999ನೆಯ ಇಸವಿ. ನಾನು ಆಗತಾನೆ ಉತ್ಸವ ಸಮಿತಿಗೆ ಸೇರಿದ್ದೆ. ನಾಲ್ಕನೆಯ ದಿನ ಬಾಲಕೃಷ್ಣನ ತೊಟ್ಟಿಲು ಸೇವೆ. ಮಕ್ಕಳೊಂದಿಗರಾದ ಮುತ್ತೈದೆಯರು ಮಾತ್ರ ತೊಟ್ಟಿಲಿನ ಹಗ್ಗ ಹಿಡಿದು ತೂಗುವ ಪದ್ಧತಿ. ಸಾಲು ನೋಡಿಕೊಳ್ಳುವ ಜವಾಬ್ದಾರಿ ನನಗೆ ಕೊಟ್ಟಿದ್ದರು. ಸಾಲಿನಲ್ಲಿ ನಮ್ಮ ಅತ್ತಿಗೆ ನಿಂತಿದ್ದರು. ಕೆಲಮಂಗಲದಿಂದ ಬಸ್ಸಿಗೆ ಬಂದಿದ್ದರು, ಕೈಯಲ್ಲಿ ಒಂದು ಮೊಳ ಕನಕಾಂಬರ. ಹತ್ತಿರ ಬಂದಾಗ ಹಿಂದಿನಿಂದ ಯಾರೋ ಗೊಣಗಿದರು. ನಾನು ಕೈ ಅಡ್ಡ ಹಿಡಿದು, "ಅತ್ತಿಗೆ, ನೀವು ಸ್ವಲ್ಪ ಆ ಕಡೆ ನಿಂತುಕೊಳ್ಳಿ" ಅಂದೆ. ಅವರು ಹೂವನ್ನು ಮೆಟ್ಟಿಲ ಮೇಲಿಟ್ಟು ಹೋದರು. ಆ ಹೊತ್ತಿಗೆ ಆ ಲ್ಯಾಬಿನ ಕಾಗದ ನಾನು ಓದಿ ಆರು ವರ್ಷವಾಗಿತ್ತು. ಗೊತ್ತಿದ್ದೂ ಅಂದೆ.

2014ರಲ್ಲಿ ಅಣ್ಣ ತೀರಿಕೊಂಡ. ತಿಥಿ ಎಲ್ಲ ಮುಗಿದ ಮೇಲೆ ನಾನು ಒಬ್ಬನೇ ಕೆಲಮಂಗಲಕ್ಕೆ ಹೋಗಿ ಆ ಕಾಗದವನ್ನು ಅತ್ತಿಗೆಯ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಹೊಲಿಗೆ ಮಿಷನ್ನಿನ ಮೇಲಿನ ಬಟ್ಟೆ ಸರಿಸಿ ಕಾಗದ ನೋಡಿದರು. ಬಹಳ ಹೊತ್ತು ಸುಮ್ಮನಿದ್ದು, "ಆ ಹುಡುಗೀನೂ ಔಷಧಿ ತಿಂದಳೇನಪ್ಪಾ?" ಎಂದು ಕೇಳಿದರು. ಹುಡುಗಿ ಅಂದರೆ ನಮ್ಮ ಚಿಕ್ಕ ಅತ್ತಿಗೆ. ಹೌದು ಅಂದೆ. ಆಮೇಲೆ ಕಾಫಿ ಕೊಟ್ಟರು. ಈ ವಿಷಯವನ್ನು ಸಭೆಯಲ್ಲಿ ಹೇಳಲು ನಾನು ಇಬ್ಬರು ಅತ್ತಿಗೆಯರ ಅನುಮತಿಯನ್ನೂ ಕೇಳಿದೆ. ಇಬ್ಬರೂ ಹೇಳು ಅಂದರು.

ತೊಟ್ಟಿಲಿನಲ್ಲಿ ನಾವು ಇಡುವುದು ಯಾರನ್ನು? ದೇವಕಿಯ ಮಗನನ್ನು. ತೂಗಿದವಳು ಯಾರು? ಯಶೋದೆ. ಹೆತ್ತವಳು ಸೆರೆಮನೆಯಲ್ಲಿದ್ದಳು, ತೂಗಿದವಳು ಹೆತ್ತವಳಲ್ಲ. ಅಂಥ ದೇವರ ಸೇವೆಗೆ ಹೆತ್ತವರೇ ಬರಬೇಕೆಂದು ನಿಯಮ ಮಾಡಿದವರು ನಾವು. ಈ ಮಾತನ್ನು ಸಮಿತಿಯ ಮುಂದೆ ಇಟ್ಟಾಗ ಇಬ್ಬರು ಹಿರಿಯರು ಒಪ್ಪಲಿಲ್ಲ, ಅವರ ಮೇಲೆ ನನಗೆ ಬೇಸರವಿಲ್ಲ. ಇದು ಶಾಸ್ತ್ರವೇ ಎಂದು ಅರ್ಚಕರನ್ನು ಕೇಳಿದೆವು. "ಶಾಸ್ತ್ರ ಅಲ್ಲ, ನಡೆದು ಬಂದದ್ದು" ಎಂದರು. ಎರಡು ಸಭೆ ನಡೆಯಿತು, ಎರಡನೆಯದರಲ್ಲಿ ಠರಾವು ಆಯಿತು.

ಆದ್ದರಿಂದ ನಾಳೆ ಸಂಜೆ ಆರೂವರೆಗೆ ನಡೆಯುವ ತೊಟ್ಟಿಲು ಸೇವೆಗೆ ಈ ವರ್ಷದಿಂದ ಯಾರು ಬೇಕಾದರೂ ಬರಬಹುದು. ಮಕ್ಕಳಿರಲಿ ಇಲ್ಲದಿರಲಿ, ಗಂಡ ಇರಲಿ ಇಲ್ಲದಿರಲಿ, ಸಾಲಿನಲ್ಲಿ ನಿಂತವರೆಲ್ಲರೂ ಹಗ್ಗ ಹಿಡಿಯಬಹುದು. ಗಂಡಸರೂ ಬರಬಹುದು. ಸಾಲು ನೋಡಿಕೊಳ್ಳಲು ನಾನೇ ಇರುತ್ತೇನೆ. ಹೋದ ವಾರ ಕೆಲಮಂಗಲಕ್ಕೆ ಹೋಗಿ ತಾಂಬೂಲ ಕೊಟ್ಟು ಅತ್ತಿಗೆಯನ್ನು ಕರೆದು ಬಂದಿದ್ದೇನೆ. "ಮಂಡಿ ನೋವು ಕಣಪ್ಪ, ನೋಡೋಣ" ಅಂದರು. ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಹುಡುಗ ಕಾರು ತೆಗೆದುಕೊಂಡು ಹೋಗುತ್ತಾನೆ. ಬರುತ್ತಾರೋ ಇಲ್ಲವೋ ನನಗೆ ತಿಳಿಯದು.

ಹೊತ್ತಾಯಿತು, ಪ್ರಸಾದ ವಿನಿಯೋಗ ದಕ್ಷಿಣದ ಬಾಗಿಲಲ್ಲಿದೆ.